ಬಾಡಿಗೆಯೋ, ಸ್ವಂತದ್ದೋ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಸಿರುಗುಪ್ಪ ತಾಲ್ಲೂಕಿನ ಕರೂರಿನಂಥ ಊರುಗಳಲ್ಲಿ ಒಂದೇ ಚರ್ಚೆ: ಮಕ್ಕಳನ್ನು ಬಳ್ಳಾರಿಯಲ್ಲಿ ಓದಿಸುವುದು ಹೇಗೆ? ಹಾಸ್ಟೆಲ್ಲಿನ ಊಟ ಒಗ್ಗುವುದಿಲ್ಲ. ದಿನಾ ಬಸ್ಸಿನಲ್ಲಿ ಓಡಾಡಿದರೆ ಓದಲು ಹೊತ್ತೇ ಉಳಿಯುವುದಿಲ್ಲ. ಕೊನೆಗೆ ತಾಯಿ ಮಕ್ಕಳೊಡನೆ ಪೇಟೆಗೆ ಹೋಗಿ ನಿಲ್ಲುವುದು, ತಂದೆ ಊರಲ್ಲಿ ಗದ್ದೆ ನೋಡಿಕೊಳ್ಳುವುದು ಎಂದು ತೀರ್ಮಾನವಾಗುತ್ತದೆ. ಆಗ ಬಂಧುಗಳಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ: “ಸುಮ್ನೆ ಬಾಡಿಗಿ ಯಾಕ್ ಕಟ್ತೀರಿ? ಒಂದಿಷ್ಟು ಹೊಲ ಮಾರಿ ಮನಿ ತಗೊಂಬಿಡ್ರಿ.”

ಬಾಡಿಗೆಗೆ ಕೊಟ್ಟ ಹಣ ಹಿಂದಕ್ಕೆ ಬರುವುದಿಲ್ಲ, ನಿಜ. ಬಡ್ಡಿಗೆ ಕೊಟ್ಟದ್ದೂ ಬರುವುದಿಲ್ಲ. ಈ ಎರಡನೆಯ ಮಾತನ್ನು ಮಾತ್ರ ಯಾರೂ ಆಡುವುದಿಲ್ಲ.

ಒಂದು ಲೆಕ್ಕ ಮಾಡೋಣ. ಮನೆಯ ಬೆಲೆ 30 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಜಮೀನು ಮಾರಿದ 6 ಲಕ್ಷ ಕೈಯಲ್ಲಿದೆ. ಉಳಿದ 24 ಲಕ್ಷ ಬ್ಯಾಂಕಿನ ಸಾಲ, ಬಡ್ಡಿ ಶೇ. 9, ಅವಧಿ 20 ವರ್ಷ. ತಿಂಗಳ ಕಂತು ಸುಮಾರು 21,600 ರೂಪಾಯಿ ಆಗುತ್ತದೆ. ಮೊದಲ ಕಂತಿನಲ್ಲಿ 18,000 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಜಮೆಯಾಗುವುದು 3,600 ಮಾತ್ರ. ಪಿಯುಸಿ ಎರಡು ವರ್ಷ, ಪದವಿ ಮೂರು ವರ್ಷ, ಒಟ್ಟು ಐದು ವರ್ಷಕ್ಕೆ ಬ್ಯಾಂಕಿಗೆ ಕಟ್ಟಿದ್ದು ಸುಮಾರು 13 ಲಕ್ಷ. ಅದರಲ್ಲಿ ಅಸಲು ಇಳಿದದ್ದು 2 ಲಕ್ಷ 70 ಸಾವಿರದಷ್ಟು! ಅಂಥದೇ ಮನೆಗೆ ತಿಂಗಳಿಗೆ 8,000 ಬಾಡಿಗೆ ಎಂದುಕೊಂಡರೆ ಐದು ವರ್ಷಕ್ಕೆ 4 ಲಕ್ಷ 80 ಸಾವಿರ.

ಮನೆಯ ಬೆಲೆ ಏರುತ್ತದಲ್ಲ ಎಂದು ಕೇಳಬಹುದು. ಏರಬಹುದು. ಮೇಲಿನ ಅಂಕಿಗಳ ಪ್ರಕಾರ, ಕೈಯಿಂದ ಹಾಕಿದ 6 ಲಕ್ಷಕ್ಕೆ ಬ್ಯಾಂಕಿನಲ್ಲಿ ಬರುತ್ತಿದ್ದ ಬಡ್ಡಿಯನ್ನೂ ಸೇರಿಸಿದರೆ, ಐದು ವರ್ಷದ ನಂತರ ಮನೆ ಸುಮಾರು 38 ಲಕ್ಷಕ್ಕೆ ಹೋದಾಗ ಬಾಡಿಗೆಯೂ ಖರೀದಿಯೂ ಸಮಸಮ. ನೋಂದಣಿ ಖರ್ಚು, ದಲ್ಲಾಳಿಯ ಕಮಿಷನ್ನು, ಸುಣ್ಣಬಣ್ಣ ಬೇರೆ. ಓದು ಮುಗಿದ ಮೇಲೂ ಮನೆಯವರು ಬಳ್ಳಾರಿಯಲ್ಲೇ ನೆಲೆಸುವುದಾದರೆ ಲೆಕ್ಕದ ಮುಖವೇ ಬೇರೆಯಾಗುತ್ತದೆ. ಹೀಗಾಗಿ ಮನೆಯ ಬೆಲೆ ಕೇಳುವ ಮೊದಲು ಎಷ್ಟು ವರ್ಷ ಇರುತ್ತೇವೆ ಎಂಬುದನ್ನು ಮನೆಮಂದಿ ಕೂತು ಮಾತಾಡಿಕೊಳ್ಳಬೇಕು.

ಇನ್ನೊಂದು ತೊಡಕಿದೆ. ಭತ್ತದ ದುಡ್ಡು ಬರುವುದು ಸುಗ್ಗಿಯಲ್ಲಿ. ಬ್ಯಾಂಕಿನ ಕಂತು ಬರುವುದು ಪ್ರತಿ ತಿಂಗಳು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕಿತ್ತುಹೋದಾಗ ಬೆಳೆಗೆ ನೀರು ಸಿಕ್ಕೀತೋ ಇಲ್ಲವೋ ಎಂದು ಅಚ್ಚುಕಟ್ಟಿನ ರೈತರೆಲ್ಲ ಕಂಗಾಲಾಗಿದ್ದರು. ಕಾಲುವೆಯಲ್ಲಿ ನೀರು ನಿಂತಿತೆಂದು ಕಂತು ನಿಲ್ಲುವುದಿಲ್ಲ. ಮಾರಿದ ಹೊಲವಂತೂ ಮತ್ತೆ ಆ ಬೆಲೆಗೆ ಸಿಗುವುದು ಕಷ್ಟ.

ಭೋಗ್ಯದ ಮನೆ ನಡುವಿನ ದಾರಿ. ಈಗ ಜನ ‘ಲೀಸು’ ಎನ್ನುತ್ತಾರೆ. ಮಾಲೀಕರಿಗೆ ಇಡುಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಬಡ್ಡಿಯಿಲ್ಲದೆ ಗಂಟು ವಾಪಸು ಪಡೆಯುವುದು. 5 ಲಕ್ಷ ಕೊಟ್ಟರೆ, ಶೇ. 7ರ ಠೇವಣಿಯ ಲೆಕ್ಕದಲ್ಲಿ, ಬಾಡಿಗೆ ತಿಂಗಳಿಗೆ ಮೂರು ಸಾವಿರದ ಒಳಗೇ ಬಿದ್ದಂತಾಯಿತು. ಆದರೆ ಆ ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದು ಮಾಲೀಕ ಕಟ್ಟದೆ ಹೋದರೆ ಗಂಟು ಸಿಕ್ಕಿಹಾಕಿಕೊಳ್ಳುತ್ತದೆ. ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ (ಇ.ಸಿ.) ತೆಗೆಸಿ ನೋಡದೆ ಹಣ ಕೊಡಬಾರದು. ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಬಾಡಿಗೆ ಕರಾರುಗಳೆಲ್ಲ 11 ತಿಂಗಳಿಗೇ ಇರುವ ಗುಟ್ಟೂ ಇದೇ. ಆ 11 ತಿಂಗಳು ಪರೀಕ್ಷೆಯ ಹೊತ್ತಿಗೇ ಮುಗಿಯದಂತೆ ನೋಡಿಕೊಂಡರೆ ಮಕ್ಕಳ ಓದು ಕೆಡುವುದಿಲ್ಲ.

ಲೆಕ್ಕವೆಲ್ಲ ಸರಿಹೋಗಿ ಕೊಳ್ಳುವುದೆಂದೇ ಆದರೂ, ಅದೇ ಬೀದಿಯಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡುವುದು ಮೇಲು. ಮನೆಯ ಜೊತೆಗೆ ಅದರ ಕೆಳಗಿನ ನೆಲವನ್ನೂ ಕೊಂಡಂತಾಗುತ್ತದಷ್ಟೆ! ಈ ಸೀಮೆಯಲ್ಲಿ ಎರೆ ಮಣ್ಣು ಬಹಳ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಕೈ ತೂರುವಷ್ಟು ಬಾಯಿ ಬಿಡುವುದನ್ನು ಕರೂರು ಕಡೆಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಅಡಿಪಾಯ ಆಳವಾಗಿರದಿದ್ದರೆ ಆ ಉಬ್ಬುತಗ್ಗು ಗೋಡೆಗೂ ಏರಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಮಾರುವವರು ಅದಕ್ಕೆ ಸಿಮೆಂಟು ಮೆತ್ತಿ ಬಣ್ಣ ಬಳಿದಿರುತ್ತಾರೆ. ಬಾಡಿಗೆ ಮನೆಯಲ್ಲಿ ಅಂಥದೊಂದು ಬಿರುಕು ಕಂಡರೆ ವಿದ್ಯಾರ್ಥಿಗಳು ಏಪ್ರಿಲ್ ತಿಂಗಳಲ್ಲಿ ಅದರ ಎರಡೂ ಬದಿಗೆ ಪೆನ್ಸಿಲ್ಲಿನಿಂದ ಒಂದೊಂದು ಚುಕ್ಕೆ ಇಟ್ಟು, ನಡುವಿನ ಅಂತರವನ್ನೂ ದಿನಾಂಕವನ್ನೂ ಪಕ್ಕದಲ್ಲಿ ಬರೆದಿಡಲಿ. ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಅದೇ ಚುಕ್ಕೆಗಳ ಮೇಲೆ ಮತ್ತೆ ಸ್ಕೇಲು ಹಿಡಿದು ತಂದೆ-ತಾಯಿಗೆ ತೋರಿಸಲಿ.