ಅಂಚೆಯ ಹಡಗು, ನೋಟದ ಹಡಗು

ನಾರ್ವೆ ದೇಶದ ಪಶ್ಚಿಮ ಕರಾವಳಿಯ ಬರ್ಗೆನ್ ಪಟ್ಟಣದಿಂದ ರಷ್ಯಾ ಗಡಿಯ ಸಮೀಪದ ಕಿರ್ಕೆನೆಸ್‌ಗೆ ಒಂದು ಹಡಗಿನ ಹಾದಿಯಿದೆ. ಹೋಗಿ ಮರಳಲು ಹನ್ನೊಂದು ರಾತ್ರಿಗಳು ಬೇಕು. ನಡುವೆ ಸಿಗುವ ಬಂದರುಗಳು 34. ಹಿಮನದಿಗಳು ಸಾವಿರಾರು ವರ್ಷ ಕೊರೆದ ಕಣಿವೆಗಳಿಗೆ ಕಡಲು ನುಗ್ಗಿ ಉಂಟಾದ ಫ್ಯೋರ್ಡ್‌ಗಳು, ಅವುಗಳ ಇಕ್ಕೆಲದಲ್ಲಿ ನೀರಿನಿಂದಲೇ ನೆಟ್ಟಗೆ ಎದ್ದ ಬೆಟ್ಟಗಳು, ಅಲ್ಲಿಂದ ಧುಮುಕುವ ಜಲಪಾತಗಳು. ಪ್ರವಾಸಿ ಪುಸ್ತಿಕೆಗಳು ಇದನ್ನು ಜಗತ್ತಿನ ಅತ್ಯಂತ ಸುಂದರ ಕಡಲಯಾನವೆಂದು ಬಣ್ಣಿಸುತ್ತವೆ. ಬಣ್ಣನೆ ಸುಳ್ಳೇನಲ್ಲ. ಆದರೆ ಈ ಹಡಗನ್ನು ಹುಟ್ಟುಹಾಕಿದ್ದು ಸೌಂದರ್ಯವಲ್ಲ, ಅಂಚೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟ್ರಾಂಡ್‌ಹೈಮ್‌ನಿಂದ ಉತ್ತರದ ಹ್ಯಾಮರ್‌ಫೆಸ್ಟ್‌ಗೆ ಒಂದು ಕಾಗದ ತಲುಪಲು ಬೇಸಿಗೆಯಲ್ಲಿ ಮೂರು ವಾರ ಹಿಡಿಯುತ್ತಿತ್ತು. ಚಳಿಗಾಲದಲ್ಲಿ ಐದು ತಿಂಗಳು. ರಸ್ತೆ ಮಾಡಲು ಬೆಟ್ಟಗಳು ಬಿಡುತ್ತಿರಲಿಲ್ಲ. ಕಡಲಲ್ಲಿ ಸಾಗೋಣವೆಂದರೆ ದೀಪಸ್ತಂಭಗಳು ವಿರಳ, ನಕ್ಷೆಗಳು ಅಪೂರ್ಣ, ಮೇಲಾಗಿ ತಿಂಗಳುಗಟ್ಟಲೆ ಸೂರ್ಯನೇ ಮೇಲೇಳದ ಕತ್ತಲು. ಅಂಥ ಕತ್ತಲಲ್ಲಿ ಬಂಡೆಗಳ ನಡುವೆ ವರ್ಷವಿಡೀ ಹಡಗು ನಡೆಸುವ ಹೊಣೆಗೆ ದೊಡ್ಡ ಕಂಪನಿಗಳು ಹಿಂಜರಿದವು. ಒಪ್ಪಿಕೊಂಡವನು ರಿಚರ್ಡ್ ವಿತ್ ಎಂಬ ಕಪ್ತಾನ. ಅವನೂ ಅವನ ಮಾರ್ಗದರ್ಶಿ ಆಂಡರ್ಸ್ ಹೋಲ್ಟೆಯೂ ಅದೇ ನೀರಿನಲ್ಲಿ ಓಡಾಡುತ್ತ ದಿಕ್ಕು, ವೇಗ, ಹಿಡಿದ ಸಮಯಗಳನ್ನು ಜತನದಿಂದ ಬರೆದಿಟ್ಟಿದ್ದರು. ದಿಕ್ಸೂಚಿ, ಗಡಿಯಾರ ಮತ್ತು ಆ ಟಿಪ್ಪಣಿಗಳು ಸಾಕೆಂದು ಅವರು ನಂಬಿದರು. 1893ರ ಜುಲೈ 2ರಂದು ‘ವೆಸ್ಟೆರೋಲೆನ್’ ಎಂಬ ಉಗಿಹಡಗು ಟ್ರಾಂಡ್‌ಹೈಮ್ ಬಿಟ್ಟು ಜುಲೈ 5ರಂದು ಹ್ಯಾಮರ್‌ಫೆಸ್ಟ್ ಮುಟ್ಟಿತು. ಈ ಸೇವೆಯನ್ನು ‘ಹುರ್ತಿಗ್ರುಟೆನ್’, ಅಂದರೆ ವೇಗದ ಹಾದಿ, ಎಂದು ಕರೆಯಲಾಯಿತು. ಮುಂದೆ ಇದಕ್ಕೆ ಒಂದನೆಯ ನಂಬರಿನ ಹೆದ್ದಾರಿ ಎಂಬ ಹೆಸರೂ ಬಂತು. ಸರ್ಕಾರದ ಹಣದ ನೆರವಿಲ್ಲದೆ ಇದು ನಡೆಯುತ್ತಿರಲಿಲ್ಲ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಬಳಿಕ ವಿಮಾನ ಬಂತು, ಸುರಂಗ ಬಂತು, ಸೇತುವೆ ಬಂತು. 1980ರ ದಶಕದಲ್ಲಿ ಅಂಚೆ ಹಡಗಿನಿಂದ ಇಳಿಯಿತು. ಅದರ ಜಾಗಕ್ಕೆ ಪ್ರವಾಸಿಗರು ಏರಿದರು, ಅವರ ಹಿಂದೆಯೇ ಗಾಜಿನ ಗೋಡೆಯ ವೀಕ್ಷಣಾ ಕೊಠಡಿಗಳು ಏರಿದವು. ಆದರೂ ನಾರ್ವೆ ಸರ್ಕಾರ ಇಂದಿಗೂ ಈ ಹಾದಿಗೆ ಹಣ ಕೊಡುತ್ತದೆ. 2021ರಿಂದ ಹುರ್ತಿಗ್ರುಟೆನ್ ಕಂಪನಿಯ ಏಳು ಮತ್ತು ಹವಿಲಾ ಕಂಪನಿಯ ನಾಲ್ಕು ಹಡಗುಗಳಿಗೆ ಈ ಸೇವೆಯನ್ನು ಹಂಚಲಾಗಿದೆ. ಬೇಸಿಗೆ ಚಳಿಗಾಲಗಳೆನ್ನದೆ ಸ್ಥಳೀಯ ಪ್ರಯಾಣಿಕರನ್ನೂ ಸರಕನ್ನೂ ಒಯ್ಯಬೇಕೆಂಬುದು ಒಪ್ಪಂದದ ತಿರುಳು. ನಡುರಾತ್ರಿಯ ಒಂದು ಸಣ್ಣ ಬಂದರಿನಲ್ಲಿ ಹಡಗು ಕಾಲು ಗಂಟೆ ನಿಂತು ನಾಲ್ಕು ಪೆಟ್ಟಿಗೆ ಇಳಿಸಿ, ಒಬ್ಬಿಬ್ಬರನ್ನು ಹತ್ತಿಸಿಕೊಂಡು ಹೊರಡುತ್ತದೆ. ಕೊಠಡಿಯಲ್ಲಿ ಮಲಗಿರುವ ಪ್ರವಾಸಿಗೆ ಅದು ನಿದ್ದೆಗೆಡಿಸುವ ಸದ್ದು. ಆ ಊರಿಗೋ, ಹಡಗು ಇರುವುದೇ ಅದಕ್ಕಾಗಿ.

ಫ್ಯೋರ್ಡ್‌ಗಳ ಹೊಗೆಯ ಚರ್ಚೆಯನ್ನು ಈ ವ್ಯತ್ಯಾಸವಿಟ್ಟುಕೊಂಡು ನೋಡಬೇಕು. ಗೈರಾಂಗರ್ ಫ್ಯೋರ್ಡ್ ಹದಿನೈದು ಕಿಲೋಮೀಟರ್ ಉದ್ದದ ಇಕ್ಕಟ್ಟಾದ ಕೊಲ್ಲಿ. 2005ರಲ್ಲಿ ಇದನ್ನೂ ನೆರೋಯ್ ಫ್ಯೋರ್ಡನ್ನೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊಲ್ಲಿಯ ತುದಿಯಲ್ಲಿರುವುದು ಕೆಲವೇ ನೂರು ಜನರ ಹಳ್ಳಿ. ಬೇಸಿಗೆಯಲ್ಲಿ ಅಲ್ಲಿಗೆ ಒಂದೊಂದರಲ್ಲೂ ಸಾವಿರಾರು ಜನರನ್ನು ಹೊತ್ತ ವಿಹಾರ ಹಡಗುಗಳು ಬರುತ್ತವೆ. ಸುತ್ತ ಎತ್ತರದ ಗೋಡೆಯಿರುವುದರಿಂದ, ಗಾಳಿಯಾಡದ ದಿನಗಳಲ್ಲಿ ಅವುಗಳ ಹೊಗೆ ಕಣಿವೆಯಲ್ಲೇ ಮಡುಗಟ್ಟುತ್ತದೆ. 2018ರಲ್ಲಿ ನಾರ್ವೆಯ ಸಂಸತ್ತು, ಹೆಚ್ಚೆಂದರೆ 2026ರೊಳಗೆ ಪರಂಪರೆಯ ಫ್ಯೋರ್ಡ್‌ಗಳಲ್ಲಿ ವಿಹಾರ ಹಡಗುಗಳ ಮತ್ತು ಕಡವಿನ ಹಡಗುಗಳ ಹೊಗೆ ಪೂರ್ತಿ ನಿಲ್ಲಬೇಕೆಂದು ನಿರ್ಣಯಿಸಿತು. ದಿಟ್ಟ ನಿರ್ಣಯವೇ ಸರಿ. ಆದರೆ ಗಡುವು ಹತ್ತಿರವಾದಂತೆ ಅದು ಸಡಿಲಗೊಂಡಿತು. ಹತ್ತು ಸಾವಿರ ಟನ್ನೇಜ್‌ಗಿಂತ ಚಿಕ್ಕ ಪ್ರಯಾಣಿಕ ಹಡಗುಗಳಿಗೆ 2026ರ ಜನವರಿಯಿಂದ ನಿಯಮ ಅನ್ವಯ. ಅದಕ್ಕಿಂತ ದೊಡ್ಡವಕ್ಕೆ 2032ರವರೆಗೆ ವಿನಾಯಿತಿ. ಹೆಚ್ಚು ಹೊಗೆಯುಗುಳುವವನಿಗೆ ಹೆಚ್ಚು ಕಾಲಾವಕಾಶ!

ದೊಡ್ಡ ಹಡಗುಗಳಿಗೆ ಬೇಕಾದ ತಂತ್ರಜ್ಞಾನ ಇನ್ನೂ ಸಿದ್ಧವಿಲ್ಲ ಎಂಬುದು ಇದಕ್ಕೆ ಕೊಡುವ ಕಾರಣ. ಈ ಕಾರಣ ಪೂರ್ತಿ ಒಪ್ಪತಕ್ಕದ್ದಲ್ಲ. 2015ರಲ್ಲೇ ಸೋಗ್ನೆ ಫ್ಯೋರ್ಡಿನ ಲಾವಿಕ್ ಮತ್ತು ಒಪ್ಪೆಡಾಲ್ ದಡಗಳ ನಡುವೆ ‘ಆಂಪಿಯರ್’ ಎಂಬ ಕಡವಿನ ಹಡಗು ಕೇವಲ ಬ್ಯಾಟರಿಯಿಂದ ವಾಹನಗಳನ್ನು ದಾಟಿಸತೊಡಗಿತು. ಹವಿಲಾದ ಕರಾವಳಿ ಹಡಗುಗಳು ಹತ್ತು ಸಾವಿರ ಟನ್ನೇಜ್ ಮೀರಿದವು. ಅವು ತಮ್ಮ ಹಾದಿಯ ಬಹುಭಾಗವನ್ನು ನೈಸರ್ಗಿಕ ಅನಿಲದಿಂದಲೇ ಕ್ರಮಿಸುತ್ತವೆ, ನಿಜ. ಆದರೆ ಅವುಗಳಲ್ಲಿರುವ 6,100 ಕಿಲೋವ್ಯಾಟ್-ಗಂಟೆಯ ಬ್ಯಾಟರಿಗಳು ಸುಮಾರು ನಾಲ್ಕು ಗಂಟೆ ಹಡಗನ್ನು ಹೊಗೆಯಿಲ್ಲದೆ ಸಾಗಿಸಬಲ್ಲವು. 2022ರಲ್ಲಿ ‘ಹವಿಲಾ ಕ್ಯಾಸ್ಟರ್’ ಹೀಗೆಯೇ ಗೈರಾಂಗರ್ ಕೊಲ್ಲಿಗೆ ನಿಶ್ಶಬ್ದವಾಗಿ ಹೋಗಿಬಂತು. ಕರಾವಳಿ ಸೇವೆಯ ಒಪ್ಪಂದದಲ್ಲೇ ಸರ್ಕಾರ ಹೊಗೆ ಕಡಿತದ ಷರತ್ತು ಹಾಕಿತ್ತು. ಜನರ ಹಣ ಪಡೆಯುವ ಹಡಗು ಜನರ ಮಾತು ಕೇಳಬೇಕಾಯಿತು. ಸ್ವಂತ ಲಾಭಕ್ಕೆ ಬರುವ ಹಡಗಿಗೆ ಆ ಒತ್ತಡವಿಲ್ಲ.

ಇಷ್ಟಕ್ಕೇ ನಿಂತರೆ ಅರ್ಧ ಲೆಕ್ಕವಾದೀತು. ಆ ಬ್ಯಾಟರಿಗೆ ತುಂಬುವ ವಿದ್ಯುತ್ತು ಎಲ್ಲಿಯದು? ನಾರ್ವೆಯ ವಿದ್ಯುತ್ತಿನ ಬಹುಪಾಲು ಬರುವುದು ನದಿಗಳಿಂದ. ಇದೇ ಹಡಗು ಮುಟ್ಟುವ ಮೋಲ್ದೆ ಬಂದರಿನ ಒಳನಾಡಿನಲ್ಲಿ ಮಾರ್ದಾಲ್ ಎಂಬ ಜಲಪಾತವಿದೆ, ಯೂರೋಪಿನ ಅತಿ ಎತ್ತರದವುಗಳಲ್ಲಿ ಒಂದು. ಅದರ ನೀರನ್ನು ಪಕ್ಕದ ಕಣಿವೆಯ ವಿದ್ಯುದಾಗಾರಕ್ಕೆ ತಿರುಗಿಸುವ ಯೋಜನೆಯ ವಿರುದ್ಧ 1970ರಲ್ಲಿ ಜನ ಬೆಟ್ಟದ ಮೇಲೆ ಸತ್ಯಾಗ್ರಹ ಹೂಡಿದರು. ಅವರಲ್ಲಿದ್ದ ತತ್ವಜ್ಞಾನಿ ಆರ್ನೆ ನೆಸ್ ಗಾಂಧೀಜಿಯವರ ವಿಚಾರಗಳ ಬಗ್ಗೆ ಪುಸ್ತಕಗಳನ್ನೇ ಬರೆದವರು. ಪೊಲೀಸರು ಅವರನ್ನು ಹೊತ್ತು ಸಾಗಿಸಬೇಕಾಯಿತು. ಹೋರಾಟ ಸೋತಿತು, ನೀರು ತಿರುಗಿತು. ಈಗ ಆ ಜಲಪಾತವನ್ನು ಬೇಸಿಗೆಯ ಎರಡು ತಿಂಗಳು, ಪ್ರವಾಸಿಗರು ಬರುವ ಕಾಲಕ್ಕೆ ಮಾತ್ರ, ನಲ್ಲಿ ಬಿಟ್ಟಂತೆ ಬಿಡಲಾಗುತ್ತದೆ. ಉತ್ತರದ ಆಲ್ಟಾ ನದಿಯ ಅಣೆಕಟ್ಟನ್ನು ವಿರೋಧಿಸಿ ಹಿಮಸಾರಂಗ ಸಾಕುವ ಸಾಮಿ ಜನ 1979ರಲ್ಲಿ ಓಸ್ಲೋದ ಸಂಸತ್ತಿನೆದುರು ಉಪವಾಸ ಕೂತರು. 1981ರಲ್ಲಿ ನೂರಾರು ಪೊಲೀಸರು ಬಂದು ಸತ್ಯಾಗ್ರಹಿಗಳನ್ನು ಎಬ್ಬಿಸಿದರು. ಅಣೆಕಟ್ಟೂ ಆಯಿತು.

ಹಾಗೆಂದು ಬ್ಯಾಟರಿ ಹಡಗು ಬರೀ ಬೂಟಾಟಿಕೆಯೆಂದು ತಳ್ಳಿಹಾಕುವುದು ಸಲ್ಲದು. ಹೊಗೆಗಿಂತ ಅದು ಖಂಡಿತ ಮೇಲು. ಆದರೆ ನದಿಯನ್ನು ಕಳೆದುಕೊಂಡು ಪಡೆದ ವಿದ್ಯುತ್ತಿಗೆ ಒಂದು ಆದ್ಯತೆಯ ಕ್ರಮವಿರಬೇಕು. ಎರಡು ದಡಗಳ ಜನರನ್ನು ದಿನವೂ ದಾಟಿಸುವ ಕಡವಿಗೆ ಅದರ ಮೇಲೆ ಮೊದಲ ಹಕ್ಕು, ಕತ್ತಲ ತಿಂಗಳುಗಳಲ್ಲೂ ತಪ್ಪದೆ ಬರುವ ಕರಾವಳಿ ಹಡಗಿಗೆ ಅನಂತರದ್ದು. ಒಂದು ಹಗಲು ಲಂಗರು ಹಾಕಿ, ಚಿತ್ರ ತೆಗೆಸಿಕೊಂಡು ಹೋಗುವ ತೇಲುವ ಹೋಟೆಲುಗಳು ಆ ಸಾಲಿನ ಕೊನೆಯಲ್ಲಿ ಕಾಯಲಿ. ಅವು ಬ್ಯಾಟರಿ ಹಾಕಿಕೊಂಡೇ ಬಂದರೂ ಅಷ್ಟೆ.

ಈಗಿನ ಒಪ್ಪಂದ ಹತ್ತು ವರ್ಷಗಳದ್ದು. ಈ ದಶಕದ ಕೊನೆಗೆ ನಾರ್ವೆ ಅದನ್ನು ಮತ್ತೆ ಬರೆಯಬೇಕಾಗುತ್ತದೆ. ನೋಟವಿಲ್ಲದ, ಲಾಭವೂ ಇಲ್ಲದ ಸಣ್ಣ ಬಂದರುಗಳನ್ನು ಕೈಬಿಟ್ಟರೆ ಹಡಗು ಇನ್ನಷ್ಟು ಬೇಗ ಫ್ಯೋರ್ಡ್ ತಲುಪೀತು ಎಂಬ ವಾದ ಆಗ ಏಳದೆ ಇರದು. ಆ ಮೇಜಿನ ಸುತ್ತ ಹ್ಯಾಮರ್‌ಫೆಸ್ಟಿನ ಮೀನುಗಾರನಿಗೂ ಒಂದು ಕುರ್ಚಿ ಇದೆಯೇ ಎಂಬುದನ್ನು ನೋಡಬೇಕು.