ಕೊನೇ ಸೀಟಲ್ಲಿ ಕೂತು ನೋಡಿ, ಆಮೇಲೆ ವ್ಯಾನ್ ಕೊಳ್ಳಿ

ಕೊಬ್ಬರಿಗೆ ಒಳ್ಳೇ ರೇಟು ಬಂತೆಂದರೆ ನಮ್ಮ ಅರಸೀಕೆರೆ ಕಡೆಯ ಊರುಗಳಲ್ಲಿ ಒಂದು ಮಾತು ಶುರುವಾಗುತ್ತದೆ. "ಈ ಸಲ ಒಂದು ವ್ಯಾನ್ ತಗೊಂಡ್‌ಬಿಡಾಣ." ಸುದ್ದಿಗೆಂದು ಊರೂರು ತಿರುಗುವ ನಮ್ಮನ್ನು ಕಂಡರೆ ಟೀ ಅಂಗಡಿಯಲ್ಲೇ ನಿಲ್ಲಿಸಿ ಕೇಳುತ್ತಾರೆ: ಯಾವ ಗಾಡಿ ಒಳ್ಳೇದು? ಎಷ್ಟು ಜನ ಹಿಡೀತಾರೆ? ಮೈಲೇಜ್ ಎಷ್ಟು ಕೊಡುತ್ತೆ?

ಆರು ವರ್ಷದ ಹಿಂದೆ ನಾವೂ ಇದೇ ಮೂರು ಪ್ರಶ್ನೆ ಕೇಳಿ ಸೆಕೆಂಡ್ ಹ್ಯಾಂಡ್ ಏಳು ಸೀಟಿನ ವ್ಯಾನ್ ತಂದೆವು. ಅಪ್ಪನ ಸೊಂಟದ ಆಪರೇಶನ್ ಆಗಿತ್ತು, ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಅಣ್ಣತಮ್ಮಂದಿರ ಸಂಸಾರ ಸೇರಿ ಮನೆಯಲ್ಲಿ ಎಂಟು ಜನ. ಎರಡು ಬೈಕಿನಲ್ಲಿ ಎಷ್ಟು ದಿನ ಅಂತ ಓಡಾಡುವುದು? ಆ ಮೂರು ಪ್ರಶ್ನೆಗಳು ಸಾಲದು ಎಂದು ನಮಗೆ ಗೊತ್ತಾಗಿದ್ದು ಆಮೇಲೆ, ಚಾರ್ಮಾಡಿ ಘಾಟಿಯಲ್ಲಿ.

ನಮ್ಮ ಕಡೆಯವರಿಗೆ ವ್ಯಾನ್ ಹೊಸದಲ್ಲ. ಮಾರುತಿ ವ್ಯಾನ್ 1984ರಲ್ಲೇ ಬಂತು. 1988ರಲ್ಲಿ ಅದಕ್ಕೆ ಓಮ್ನಿ ಎಂಬ ಹೆಸರಾಯಿತು. ಅದರಲ್ಲಿ ಮದುಮಗಳನ್ನು ಕರೆತಂದೆವು, ಹಾಲಿನ ಕ್ಯಾನ್ ಸಾಗಿಸಿದೆವು, ಹೆಣವನ್ನೂ ಸಾಗಿಸಿದೆವು. ಪಕ್ಕಕ್ಕೆ ಜಾರುವ ಬಾಗಿಲು ನಮ್ಮ ಇಕ್ಕಟ್ಟಿನ ಬೀದಿಗಳಿಗೆ ಹೇಳಿ ಮಾಡಿಸಿದಂತಿತ್ತು. ಸುರಕ್ಷತೆಯ ಹೊಸ ನಿಯಮಗಳು ಬಂದಾಗ, 2019ರಲ್ಲಿ ಓಮ್ನಿ ತಯಾರಿಕೆ ನಿಂತಿತು. ಡ್ರೈವರ್ ಮುಂದೆ ಮೂತಿಯೇ ಇಲ್ಲದ ಆ ಗಾಡಿಯಲ್ಲಿ ಎದುರಿನಿಂದ ಏನಾದರೂ ಗುದ್ದಿದರೆ ಮೊದಲು ಸಿಗುವುದು ಕೂತವರ ಮೊಣಕಾಲು.

ಅದರ ಜಾಗ ಹಿಡಿದ ಈಕೋ 2010ರಿಂದ ಇದೆ. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ 2016ರಲ್ಲಿ ಏರ್‌ಬ್ಯಾಗ್ ಇಲ್ಲದ ಈಕೋವನ್ನು ಗುದ್ದಿಸಿ ನೋಡಿದಾಗ ಸಿಕ್ಕಿದ್ದು ಸೊನ್ನೆ ಸ್ಟಾರ್. ಅದೇ ಸಲ ಪರೀಕ್ಷೆಗೆ ಬಂದ ಬೇರೆ ಕಂಪನಿಯ ಗಾಡಿಗಳಿಗೂ ಸೊನ್ನೆಯೇ ಬಂತು. ಆಮೇಲೆ ನಿಯಮ ಬಿಗಿಯಾಯಿತು. 2019ರಿಂದ ಹೊಸ ಕಾರುಗಳಲ್ಲಿ ಎಬಿಎಸ್ ಬ್ರೇಕ್ ಮತ್ತು ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ಈಗ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಇರಲೇಬೇಕು.

ಆದರೆ ಹಳ್ಳಿಗೆ ಬರುವುದು ಹೊಸ ಗಾಡಿ ಅಲ್ಲ. ಪೇಟೆಯವರು ಓಡಿಸಿ ಬಿಟ್ಟ 2012ರದ್ದು, 2015ರದ್ದು. ಆದ್ದರಿಂದ ಸೆಕೆಂಡ್ ಹ್ಯಾಂಡ್ ನೋಡುವವರು ಮೊದಲು ಕೇಳಬೇಕಾದ್ದು ಬಣ್ಣವನ್ನಲ್ಲ, ಗಾಡಿ ತಯಾರಾದ ವರ್ಷವನ್ನು. 2019ರ ನಂತರದ್ದಾದರೆ ಇಪ್ಪತ್ತು ಮೂವತ್ತು ಸಾವಿರ ಹೆಚ್ಚು ಹೇಳಿದರೂ ಯೋಚನೆ ಮಾಡಿ. ಹೊಸದು ಕೊಳ್ಳುವ ಶಕ್ತಿ ಇದ್ದರೆ ಟ್ರೈಬರ್, ಎರ್ಟಿಗಾ, ಕ್ಯಾರೆನ್ಸ್ ತರಹದ ಏಳು ಜನರ ಗಾಡಿಗಳಿವೆ. ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರ ಅಕ್ಟೋಬರ್‌ನಲ್ಲಿ ಶುರುವಾಗಿದೆ. ಶೋರೂಮಿನಲ್ಲಿ "ಸ್ಟಾರ್ ಎಷ್ಟು, ಯಾವ ವರ್ಷದ ಪರೀಕ್ಷೆ, ನಾನು ತಗೊಳ್ಳುವ ಇದೇ ಮಾಡೆಲ್ಲಿಗಾ?" ಎಂದು ಕೇಳಿ. ಕೇಳಲು ದುಡ್ಡು ಕೊಡಬೇಕಿಲ್ಲ.

ಇನ್ನೊಂದು ಪರೀಕ್ಷೆ ಮನೆಯವರೇ ಮಾಡಬಹುದು. ಟೆಸ್ಟ್ ಡ್ರೈವ್‌ಗೆ ಹೋಗುವುದು ಯಾವಾಗಲೂ ಗಂಡಸರು, ಕೂರುವುದು ಸ್ಟೀರಿಂಗ್ ಹಿಂದೆ. ಗಾಡಿ ಮನೆಗೆ ಬಂದ ಮೇಲೆ ಕೊನೇ ಸೀಟಿಗೆ ಹೋಗುವುದು ಹೆಂಗಸರು, ಮಕ್ಕಳು, ಮಾತಾಡದ ಅಜ್ಜಿ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಅಮ್ಮ ಎರಡು ವರ್ಷ ಹಿಂದೆಯೇ ಕೂತಳು. ಮೊಣಕಾಲು ಎದೆಗೆ ತಾಗುತ್ತದೆ, ಹಂಪ್ ಬಂದರೆ ತಲೆ ಮೇಲಕ್ಕೆ ಬಡಿಯುತ್ತದೆ, ಗಾಳಿ ಅಲ್ಲಿವರೆಗೆ ಬರುವುದಿಲ್ಲ ಎಂದು ಒಂದು ದಿನವೂ ಹೇಳಲಿಲ್ಲ. ಒಂದು ಸಲ ತಂಗಿ ಮಗ ವಾಂತಿ ಮಾಡಿದ ಮೇಲೆ ನಾವು ಹಿಂದೆ ಹೋಗಿ ಕೂತೆವು. ಬಾಣಾವರ ಬರುವಷ್ಟರಲ್ಲಿ ಎಲ್ಲ ಅರ್ಥವಾಯಿತು. ಅದಕ್ಕೇ ಹೇಳುವುದು, ಗಾಡಿ ನೋಡಲು ಮನೆಯ ಹಿರಿಯ ಹೆಂಗಸನ್ನೂ ಕರೆದುಕೊಂಡು ಹೋಗಿ. ಕೊನೇ ಸೀಟಲ್ಲಿ ಕೂರಿಸಿ ಹತ್ತು ಕಿಲೋಮೀಟರ್ ಓಡಿಸಿ. ಅಲ್ಲಿ ಬೆಲ್ಟ್ ಇದೆಯಾ, ಅದು ಸೀಟಿನಡಿ ಸಿಕ್ಕಿಕೊಂಡಿದೆಯಾ, ಅವರೊಬ್ಬರೇ ಹತ್ತಿ ಇಳಿಯಬಲ್ಲರಾ ನೋಡಿ. ಅವರು ಒಪ್ಪಿದ ಗಾಡಿಯೇ ಒಳ್ಳೇ ಗಾಡಿ.

ಈಗ ಚಾರ್ಮಾಡಿ ವಿಷಯ.

ಗಾಡಿ ತಂದ ಎರಡನೇ ವರ್ಷ ಧರ್ಮಸ್ಥಳಕ್ಕೆ ಹೊರಟೆವು. ಏಳು ಸೀಟು, ಹನ್ನೊಂದು ಜನ. "ನಾಲ್ಕು ಮಕ್ಕಳು ತಾನೆ, ತೊಡೆ ಮೇಲೆ ಕೂರ್ತಾವೆ" ಎಂದೆವು. ಮೇಲೆ ಬ್ಯಾಗು, ಹಿಂದೆ ಅಡುಗೆ ಸಾಮಾನು. ಜಾವಗಲ್, ಹಳೇಬೀಡು, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದು ಘಾಟಿ ಇಳಿಯಲು ಶುರು ಮಾಡಿದೆವು. ಪೆಟ್ರೋಲ್ ಉಳಿಯಲಿ ಎಂದು ನ್ಯೂಟ್ರಲ್‌ನಲ್ಲಿ ಬಿಟ್ಟಿದ್ದೆವು. ಐದಾರು ತಿರುವು ಆದ ಮೇಲೆ ಸುಟ್ಟ ವಾಸನೆ ಬಂತು. ಆಮೇಲೆ ಬ್ರೇಕ್ ಪೆಡಲ್ ಮೆತ್ತಗಾಯಿತು. ಎಷ್ಟು ಒತ್ತಿದರೂ ಗಾಡಿ ನಿಲ್ಲುತ್ತಿಲ್ಲ. ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಕಡೆಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆವು. ಇನ್ನೊಂದು ಕಡೆ ಪ್ರಪಾತ. ಯಾರಿಗೂ ಗಾಯವಾಗಲಿಲ್ಲ. ಬ್ರೇಕ್ ತಣ್ಣಗಾಗುವವರೆಗೆ ಒಂದು ಗಂಟೆ ರಸ್ತೆ ಬದಿಯಲ್ಲಿ ಕೂತಿದ್ದೆವು. ಯಾರೂ ಮಾತಾಡಲಿಲ್ಲ.

ತಪ್ಪು ಗಾಡಿಯದಲ್ಲ, ನಮ್ಮದು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಇಂಜಿನ್ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಅತಿಯಾಗಿ ಕಾದರೆ ಹಿಡಿಯುವುದಿಲ್ಲ. ಏಳು ಜನರ ಬ್ರೇಕಿಗೆ ಹನ್ನೊಂದು ಜನರ ತೂಕ ಹಾಕಿದರೆ ಇನ್ನೂ ಬೇಗ ಕಾಯುತ್ತದೆ. ಘಾಟಿ ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎನ್ನುವುದು ಹಳೇ ಲಾರಿ ಡ್ರೈವರ್‌ಗಳ ಮಾತು. ನಮಗೆ ಅದು ಗೊತ್ತಿತ್ತು. ಪಾಲಿಸಲಿಲ್ಲ, ಅಷ್ಟೇ.

ಊರಿಗೆ ಬಂದು ವಿಮೆ ಕಾಗದ ತೆಗೆದು ಓದಿದೆವು. ಅಲ್ಲಿ ಎರಡನೇ ಆಘಾತ. ನಾವು ಮಾಡಿಸಿದ್ದು ಬರೀ ಥರ್ಡ್ ಪಾರ್ಟಿ. ಕಡಿಮೆ ದುಡ್ಡಿಗೆ ಆಗುತ್ತದೆ, ಪೊಲೀಸರು ಹಿಡಿದರೆ ತೋರಿಸಲು ಸಾಕು ಎಂದು ನಮ್ಮಲ್ಲಿ ಹೆಚ್ಚಿನವರು ಇದನ್ನೇ ಮಾಡಿಸುತ್ತಾರೆ. ಥರ್ಡ್ ಪಾರ್ಟಿ ಎಂದರೆ ರಸ್ತೆಯಲ್ಲಿ ನಡೆಯುವವರು, ಎದುರಿನ ಬೈಕಿನವರು. ನಿಮ್ಮ ಸ್ವಂತ ಗಾಡಿಯಲ್ಲಿ ಪುಕ್ಕಟೆ ಕೂತ ಅತ್ತೆ, ನಾದಿನಿ, ಪಕ್ಕದ ಮನೆ ಹುಡುಗ ಆ ಲೆಕ್ಕಕ್ಕೆ ಬರುವುದಿಲ್ಲ. ಒಳಗೆ ಕೂತವರಿಗೂ ಪರಿಹಾರ ಸಿಗಬೇಕಾದರೆ ಪ್ಯಾಕೇಜ್ ಪಾಲಿಸಿ ಇರಬೇಕು. ನಮ್ಮ ಜನ ಅದನ್ನು ಫುಲ್ ಇನ್ಶೂರೆನ್ಸ್ ಎನ್ನುತ್ತಾರೆ. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2012ರ ಒಂದು ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ಇನ್ನು ಸೀಟಿಗಿಂತ ಹೆಚ್ಚು ಜನ ತುಂಬಿದ್ದ ಬಸ್ಸೊಂದರ ಪ್ರಕರಣದಲ್ಲಿ, ವಿಮಾ ಕಂಪನಿಯ ಹೊಣೆ ಎಷ್ಟು ಸೀಟಿಗೆ ವಿಮೆ ಇದೆಯೋ ಅಷ್ಟಕ್ಕೇ ಎಂದು 2007ರಲ್ಲೇ ಅದೇ ಕೋರ್ಟ್ ಹೇಳಿತ್ತು.

ಅಂದರೆ ಅವತ್ತು ಚರಂಡಿಯ ಬದಲು ಪ್ರಪಾತಕ್ಕೆ ಇಳಿದಿದ್ದರೆ, ಉಳಿದವರ ಕೈಗೆ ಸಿಗುತ್ತಿದ್ದುದು ನಾವೇ ಬರೆಯುವಂಥ ನಾಲ್ಕು ಸಾಲಿನ ಸುದ್ದಿ.

ಈ ವಿಷಯದಲ್ಲಿ ನಾವು ಸುದ್ದಿ ಮಾಡುವವರೂ ತಪ್ಪೊಪ್ಪಿಕೊಳ್ಳಬೇಕು. ಮದುವೆ ದಿಬ್ಬಣದ ಗಾಡಿ, ಜಾತ್ರೆಗೆ ಹೊರಟ ಗಾಡಿ ಮಗುಚಿದರೆ ಆಸ್ಪತ್ರೆಗೆ ಹೋಗುತ್ತೇವೆ. ಸತ್ತವರೆಷ್ಟು, ಗಾಯಗೊಂಡವರೆಷ್ಟು, ಯಾವ ಊರು ಎಂದು ಬರೆದು ಕಳಿಸುತ್ತೇವೆ. ಗಾಡಿಗೆ ಎಷ್ಟು ಸೀಟಿತ್ತು, ಎಷ್ಟು ಜನ ಇದ್ದರು, ಬೆಲ್ಟ್ ಹಾಕಿದ್ದರಾ, ವಿಮೆ ಯಾವುದು ಎಂದು ಕೇಳುವುದಿಲ್ಲ. "ಚಾಲಕನ ನಿಯಂತ್ರಣ ತಪ್ಪಿ" ಎಂದು ಬರೆದು ಮುಗಿಸುತ್ತೇವೆ. ಓದಿದವರು ಹಣೆಬರಹ ಅಂದುಕೊಳ್ಳುತ್ತಾರೆ. ಹಣೆಬರಹದಲ್ಲಿ ಅರ್ಧ ನಾವೇ ಬರೆದುಕೊಂಡಿದ್ದು.

ಹಾಗಾದರೆ ಊರಿನವರನ್ನು ಹತ್ತಿಸಲೇಬಾರದಾ? ನಮ್ಮ ಮನೆಯಲ್ಲೂ ಈ ಜಗಳ ನಡೆಯಿತು. "ಗಾಡಿ ನಮ್ಮದು, ಊರಿಗೇಕೆ" ಎಂದು ತಮ್ಮ ಹೇಳಿದ.

ಒಂದು ರಾತ್ರಿ ಕೆಳಗಿನ ಬೀದಿಯ ಹುಡುಗಿಗೆ ಹೆರಿಗೆ ನೋವು ಬಂತು. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬೇರೆ ಕೇಸಿಗೆ ಹೋಗಿದೆ, ತಡವಾಗುತ್ತದೆ ಎಂದರು. ಹಾಸನ ನಮ್ಮಿಂದ ನಲವತ್ತು ಕಿಲೋಮೀಟರ್ ಮೇಲೆ. ಆಶಾ ಕಾರ್ಯಕರ್ತೆ, ಹುಡುಗಿ, ಅವಳ ಅಮ್ಮ, ಗಂಡ ನಾಲ್ಕು ಜನರನ್ನು ಹತ್ತಿಸಿಕೊಂಡು ಹೊರಟಿದ್ದು ಜಗಳವಾಡಿದ ತಮ್ಮನೇ. ಬೆಳಗಿನ ಜಾವ ಹೆರಿಗೆ ಆಯಿತು, ತಾಯಿ ಮಗು ಚೆನ್ನಾಗಿದ್ದರು. ಹುಡುಗಿಯ ಗಂಡ ಐನೂರರ ಎರಡು ನೋಟು ಹಿಡಿದು ಬಂದ. ತಮ್ಮ ತಗೊಳ್ಳಲಿಲ್ಲ. ಹಳ್ಳಿಯಲ್ಲಿ ವ್ಯಾನ್ ಇರುವ ಮನೆಗೆ ರಾತ್ರಿ ಬಾಗಿಲು ಬಡಿಯುವವರು ಇದ್ದೇ ಇರುತ್ತಾರೆ. ಇರಲಿ. ಅದು ಹೊರೆಯಲ್ಲ, ಮರ್ಯಾದೆ. ಆದರೆ ಬಾಗಿಲು ತೆಗೆಯುವವನ ಗಾಡಿ ಸರಿಯಾಗಿರಬೇಕು, ಕಾಗದ ಸರಿಯಾಗಿರಬೇಕು.

ದುಡ್ಡಿನ ವಿಷಯ ಸೂಕ್ಷ್ಮ. ಹೋಗಿ ಬರಲು ಎಂಬತ್ತು ಕಿಲೋಮೀಟರ್. ಲೀಟರಿಗೆ ಹದಿನೈದು ಕೊಟ್ಟರೂ ಐದೂವರೆ ಲೀಟರ್ ಹತ್ತಿರ ಬೇಕು, ಪೆಟ್ರೋಲ್ ನೂರು ದಾಟಿದೆ. ತಿಂಗಳಿಗೆ ನಾಲ್ಕು ಸಲ ಹೀಗಾದರೆ ಯಾರಿಗಾದರೂ ಕಷ್ಟವೇ. ಅದಕ್ಕೆಂದು ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಬಿಟ್ಟರೆ ಎರಡು ತೊಂದರೆ. ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸುವುದು ಮೋಟಾರು ವಾಹನ ಕಾಯ್ದೆಯ 192ಎ ಪ್ರಕಾರ ಅಪರಾಧ. ಜೊತೆಗೆ ಖಾಸಗಿ ಗಾಡಿಯ ಪಾಲಿಸಿಯಲ್ಲೇ ಬಾಡಿಗೆಗೆ ಬಳಸುವಂತಿಲ್ಲ ಎಂಬ ಷರತ್ತು ಇರುತ್ತದೆ. ನೂರು ರೂಪಾಯಿ ತಗೊಂಡು ವಿಮೆಯನ್ನೇ ಅನುಮಾನಕ್ಕೆ ತಳ್ಳಿದಂತೆ. ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳುತ್ತದೆ. ತುರ್ತಿನಲ್ಲಿ ಕಾಯಿಲೆಯವರನ್ನು, ಗಾಯಗೊಂಡವರನ್ನು ಸಾಗಿಸಿದರೆ ಆ ಸೆಕ್ಷನ್ ಅನ್ವಯಿಸುವುದಿಲ್ಲ, ಏಳು ದಿನದೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ರಾತ್ರಿ ಹೊತ್ತು ಗಾಡಿ ತೆಗೆಯಲು ಹೆದರುತ್ತಾರೆ.

ಚಾರ್ಮಾಡಿಯ ನಂತರ ನಮ್ಮ ಮನೆಯಲ್ಲಿ ಕೆಲವು ಕಟ್ಟುಪಾಡು ಮಾಡಿಕೊಂಡೆವು. ಆರ್‌ಸಿಯಲ್ಲಿ ಎಷ್ಟು ಸೀಟು ಎಂದಿದೆಯೋ ಅಷ್ಟೇ ಜನ. ಡ್ರೈವರೂ ಆ ಲೆಕ್ಕದಲ್ಲೇ ಬರುತ್ತಾನೆ, ಮಕ್ಕಳೂ ಬರುತ್ತಾರೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ ಎಂದು ಕಾಯ್ದೆಯಲ್ಲೇ ಇದೆ. ದಂಡ ಹಾಕುವವರು ಇಲ್ಲದಿದ್ದರೂ ತೊಡೆ ಮೇಲಿನ ಮಗು ಗುದ್ದಿದ ಕ್ಷಣದಲ್ಲಿ ಕೈಯಲ್ಲಿ ನಿಲ್ಲುವುದಿಲ್ಲ. ಪಾಲಿಸಿ ಪ್ಯಾಕೇಜ್ ಮಾಡಿಸಿದೆವು. ಆ ವರ್ಷ ದೀಪಾವಳಿ ಬಟ್ಟೆ ಕಡಿಮೆಯಾಯಿತು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಬಾಡಿಗೆ ಇಲ್ಲ. ಕೊಡಲೇಬೇಕು ಅನ್ನಿಸಿದವರು ಹಿತ್ತಲ ಸೊಪ್ಪು, ರಾಗಿ, ಕಾಯಿ ತಂದಿಟ್ಟು ಹೋಗುತ್ತಾರೆ. ಹೆಚ್ಚು ಜನ ಹೊರಟರೆ ಅರ್ಧ ಜನ ಬಸ್ಸಿಗೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ಬಸ್ ಬರುವ ಊರಿನವರು ಅದನ್ನು ಬಿಡಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಕೊನೆಯದಾಗಿ ಒಂದು ಮಾತು. ದುಡ್ಡು ಕೊಟ್ಟು, ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು, ಆ ಕಾಗದವನ್ನು ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. ಕೊಂಡವರು ಮೂವತ್ತು ದಿನದೊಳಗೆ ಆರ್‌ಸಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು. ವಿಮೆಯನ್ನು ಹದಿನಾಲ್ಕು ದಿನದೊಳಗೆ ಬದಲಿಸಿಕೊಳ್ಳಬೇಕು. ಮಾರಿದವರಿಗೂ ಇದು ಮುಖ್ಯ. ಗಾಡಿ ಯಾರ ಹೆಸರಿನಲ್ಲಿ ನೋಂದಣಿ ಆಗಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನೀವು ಮಾರಿದ ಗಾಡಿ ಎಲ್ಲೋ ಗುದ್ದಿದರೆ ನೋಟಿಸ್ ನಿಮ್ಮ ಮನೆಗೇ ಬರುತ್ತದೆ.

ಕಳೆದ ವರ್ಷ ಮತ್ತೆ ಧರ್ಮಸ್ಥಳಕ್ಕೆ ಹೋಗಿದ್ದೆವು. ಏಳು ಜನ ಗಾಡಿಯಲ್ಲಿ, ಉಳಿದವರು ಬಸ್ಸಿನಲ್ಲಿ. ಅಮ್ಮ ಮುಂದಿನ ಸೀಟಲ್ಲಿ ಬೆಲ್ಟ್ ಹಾಕಿಕೊಂಡು ಕೂತಿದ್ದಳು. ಕೊನೇ ಸೀಟಲ್ಲಿ ನಾವು. ಮೊಣಕಾಲು ಇನ್ನೂ ನೋಯುತ್ತಿದೆ.