ಎರಡು ಹಾಳೆ ಒಟ್ಟಿಗೆ ಹೋದಾಗ

ಕಾಗದದ ಕಟ್ಟಿನಿಂದ ಒಂದು ಹಾಳೆಯನ್ನು, ಒಂದನ್ನೇ, ಬೇರ್ಪಡಿಸಿ ತೆಗೆಯುವುದು ತೋರುವಷ್ಟು ಸುಲಭದ ಕೆಲಸವಲ್ಲ. ಬ್ಯಾಂಕಿನ ಗುಮಾಸ್ತ ಒದ್ದೆ ಸ್ಪಂಜಿಗೆ ಬೆರಳು ತಾಗಿಸುತ್ತಾನೆ. ಪುರಾಣ ಓದುವ ಹಿರಿಯರು ನಾಲಗೆಯ ತುದಿಗೆ ತಾಗಿಸುತ್ತಾರೆ. ಹೊಸ ನೋಟಿನ ಕಟ್ಟನ್ನು ಎಣಿಸಿದವರು ಮತ್ತೊಮ್ಮೆ ಎಣಿಸುತ್ತಾರೆ, ಎರಡು ನೋಟು ಅಂಟಿಕೊಂಡು ಹೋಗಿರಬಹುದೆಂಬ ಅಂಜಿಕೆಯಿಂದ. ಬೆರಳಿಗೆ ಸ್ಪರ್ಶವಿದೆ, ಬೆರಳಿನ ಹಿಂದಿರುವ ಮನಸ್ಸಿಗೆ ಸಂಶಯವಿದೆ. ಯಂತ್ರಕ್ಕೆ ಇವೆರಡೂ ಇಲ್ಲ. ಜೆರಾಕ್ಸ್, ಪ್ರಿಂಟರ್, ಸ್ಕ್ಯಾನರ್, ಮುದ್ರಣಯಂತ್ರ, ಯಾವುದನ್ನೇ ತೆಗೆದುಕೊಳ್ಳಿ, ಅದರೊಳಗಿನ ಅತ್ಯಂತ ಪರದಾಟದ ಅಂಗವೆಂದರೆ ಹಾಳೆಗಳನ್ನು ಒಂದೊಂದಾಗಿ ಒಳಗೆ ಉಣಿಸುವ ಫೀಡರ್.

ಇದನ್ನು ಸಾಹಿತ್ಯ ಬಳಗವೊಂದರಲ್ಲಿ ಬರೆಯುವುದಕ್ಕೆ ಕಾರಣವಿದೆ. ಹೊರನಾಡಿನಲ್ಲಿರುವ ನಮ್ಮ ಸಂಘಗಳ ಕಪಾಟುಗಳಲ್ಲಿ ಹಳೆಯ ಕನ್ನಡ ಪತ್ರಿಕೆಗಳ ಬಿಡಿ ಸಂಚಿಕೆಗಳು, ಸ್ಮರಣ ಸಂಚಿಕೆಗಳು, ಎರಡನೆಯ ಮುದ್ರಣವನ್ನೇ ಕಾಣದ ಕವನ ಸಂಕಲನಗಳು ತುಂಬಿಕೊಂಡಿವೆ. ಬಾಡಿಗೆ ಏರುತ್ತಿದೆ, ಗೆದ್ದಲು ಹತ್ತುತ್ತಿದೆ, ಓದುವವರು ವಿರಳ. ಹೀಗಾಗಿ ‘ಎಲ್ಲವನ್ನೂ ಸ್ಕ್ಯಾನ್ ಮಾಡಿಸಿಬಿಡೋಣ’ ಎಂಬ ಮಾತು ಕಾರ್ಯಕಾರಿ ಸಮಿತಿಗಳ ಸಭೆಗಳಲ್ಲಿ ಕೇಳಿಬರುತ್ತಿದೆ. ಅದರ ಬೆನ್ನಿಗೇ, ಸ್ವಲ್ಪ ತಗ್ಗಿದ ದನಿಯಲ್ಲಿ, ‘ಆಮೇಲೆ ಪುಸ್ತಕಗಳನ್ನು ಏನು ಮಾಡುವುದು?’ ಎಂಬ ಇನ್ನೊಂದು ಮಾತೂ. ಮೊದಲನೆಯದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಎರಡನೆಯದಕ್ಕೆ ಉತ್ತರಿಸುವ ಮುನ್ನ ಸಮಿತಿಯ ಸದಸ್ಯರು ಫೀಡರಿನ ಸ್ವಭಾವವನ್ನು ತುಸು ಅರಿತಿರಬೇಕೆಂಬುದು ನನ್ನ ಅಭಿಪ್ರಾಯ.

ಸಾಮಾನ್ಯ ಸ್ಕ್ಯಾನರಿನ ಅಥವಾ ಪ್ರಿಂಟರಿನ ಫೀಡರ್ ನಿಂತಿರುವುದು ಘರ್ಷಣೆಯ ಒಂದು ತಾರತಮ್ಯದ ಮೇಲೆ. ತಿರುಗುವ ರಬ್ಬರ್ ಉರುಳೆಯೊಂದು ಕಟ್ಟಿನ ತುದಿಯ ಹಾಳೆಯನ್ನು ಹಿಡಿದು ಮುಂದಕ್ಕೆಳೆಯುತ್ತದೆ. ಆ ಹಾಳೆಗೆ ಅಂಟಿಕೊಂಡ ಎರಡನೆಯದು ತಾನೂ ಹೊರಡುತ್ತದೆ. ಅದನ್ನು ತಡೆಯಲು ಉರುಳೆಯ ಎದುರಿಗೆ ಒರಟಾದ ಒಂದು ಪಟ್ಟಿ ಇರುತ್ತದೆ. ರಬ್ಬರಿಗೂ ಕಾಗದಕ್ಕೂ ನಡುವಿನ ಘರ್ಷಣೆ ಎಲ್ಲಕ್ಕಿಂತ ಹೆಚ್ಚಾಗಿರಬೇಕು. ಪಟ್ಟಿಗೂ ಕಾಗದಕ್ಕೂ ನಡುವಿನದು ಅದಕ್ಕಿಂತ ಕಡಿಮೆ. ಕಾಗದಕ್ಕೂ ಕಾಗದಕ್ಕೂ ನಡುವಿನದು ಎಲ್ಲಕ್ಕಿಂತ ಕಡಿಮೆ. ಈ ಕ್ರಮ ಉಳಿದಿರುವವರೆಗೆ ಮೊದಲ ಹಾಳೆ ಹೋಗುತ್ತದೆ, ಎರಡನೆಯದು ನಿಲ್ಲುತ್ತದೆ. ದುಬಾರಿ ಯಂತ್ರಗಳಲ್ಲಿ ಪಟ್ಟಿಯ ಬದಲು ಇನ್ನೊಂದು ಉರುಳೆಯೇ ಇದೆ. ಅದಕ್ಕೆ ಸದಾ ಹಿಂದಕ್ಕೆ ತಿರುಗುವ ಒತ್ತಡವಿರುತ್ತದೆ, ಆದರೆ ಅದು ಮಿತಿಯುಳ್ಳ ಒತ್ತಡ. ನಡುವೆ ಒಂದೇ ಹಾಳೆ ಇದ್ದರೆ ಎದುರಿನ ಉರುಳೆಯ ಬಲಕ್ಕೆ ಮಣಿದು ಅದೂ ಮುಂದಕ್ಕೇ ತಿರುಗುತ್ತದೆ. ಎರಡು ಹಾಳೆ ಬಂದವೋ, ಅವುಗಳ ನಡುವಿನ ಜಾರಿಕೆಯಿಂದ ಆ ಬಲ ಅದಕ್ಕೆ ತಲುಪುವುದಿಲ್ಲ. ಕೂಡಲೇ ತನ್ನ ಸಹಜ ದಿಕ್ಕಿಗೆ ತಿರುಗಿ ಎರಡನೆಯದನ್ನು ಹಿಂದಕ್ಕೆ ತಳ್ಳುತ್ತದೆ. ಎಣಿಸಲು ಬಾರದ ಯಂತ್ರಕ್ಕೆ ಒಂದಕ್ಕೂ ಎರಡಕ್ಕೂ ಇರುವ ಭೇದವನ್ನು ಕಲಿಸಿದ ಈ ಜಾಣ್ಮೆಯನ್ನು ನಾನು ಮೆಚ್ಚುತ್ತೇನೆ. ಅದನ್ನು ಬಳಸುವವರಲ್ಲಿ ಬಹುಮಂದಿ ಅದನ್ನು ಕಂಡಿಲ್ಲ. ಮುಚ್ಚಳ ತೆರೆಯುವುದು ಕಾಗದ ಸಿಕ್ಕಿಕೊಂಡಾಗ ಮಾತ್ರ, ಆಗ ಮೆಚ್ಚುವ ಮನಃಸ್ಥಿತಿ ಯಾರಿಗಿರುತ್ತದೆ?

ಈ ಎಲ್ಲ ಜಾಣ್ಮೆಗೂ ಒಂದು ಪೂರ್ವಕಲ್ಪನೆಯಿದೆ: ಹಾಳೆಗಳೆಲ್ಲ ಒಂದೇ ಅಳತೆ, ಒಂದೇ ದಪ್ಪ, ಒಂದೇ ನಯ ಉಳ್ಳವು ಎಂಬುದು. ಹವೆಯೂ ಸಮನಾಗಿರಬೇಕು. ಮುಂಬಯಿಯ ಜುಲೈ ತಿಂಗಳಲ್ಲಿ ಕಾಗದ ತೇವ ಹೀರಿ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. ದಿಲ್ಲಿಯ ಒಣ ಚಳಿಗಾಲದಲ್ಲಿ ಸ್ಥಾಯಿ ವಿದ್ಯುತ್ತಿನಿಂದ ಅಂಟುತ್ತದೆ. ಜೆರಾಕ್ಸ್ ಅಂಗಡಿಯ ಹುಡುಗ ಹೊಸ ಕಟ್ಟನ್ನು ಯಂತ್ರದಲ್ಲಿಡುವ ಮುನ್ನ ಬೀಸಣಿಗೆಯಂತೆ ಬಿಡಿಸಿ, ಕುಲುಕಿ, ಮೇಜಿಗೆ ಕುಟ್ಟಿ ಸರಿಮಾಡುವುದನ್ನು ನೀವು ನೋಡಿರಬಹುದು. ಹಾಳೆಗಳ ನಡುವೆ ಗಾಳಿ ಸೇರಿಸುವ ಉಪಾಯ ಅದು. ಅಂದಿನ ಪತ್ರಿಕೆಯ ಎಪ್ಪತ್ತು ವರ್ಷದ ಹಾಳೆಯನ್ನು ಹಾಗೆ ಕುಲುಕಿದರೆ ಮೇಜಿನ ಮೇಲೆ ಉಳಿಯುವುದು ಕಂದು ಚೂರುಗಳು.

ಆ ಹಾಳೆಗಳು ಮೊದಲು ಯಂತ್ರ ಹೊಕ್ಕ ಬಗೆಯನ್ನೂ ನೆನೆಯಬೇಕು. ನಮ್ಮ ಸಣ್ಣ ಪತ್ರಿಕೆಗಳು, ಸಂಕಲನಗಳು, ಲಗ್ನಪತ್ರಿಕೆಗಳು ಬಹುಪಾಲು ಟ್ರೆಡಲ್ ಯಂತ್ರದಲ್ಲಿ ಅಚ್ಚಾದವು. ಅಲ್ಲಿ ಫೀಡರ್ ಎಂದರೆ ಒಬ್ಬ ಮನುಷ್ಯ. ಬಾಯಿ ತೆರೆದು ಮುಚ್ಚುವ ಯಂತ್ರದೊಳಕ್ಕೆ ಒಂದು ಕೈಯಿಂದ ಬಿಳಿಯ ಹಾಳೆ ಇಡಬೇಕು, ಅಚ್ಚಾದದ್ದನ್ನು ಇನ್ನೊಂದು ಕೈಯಿಂದ ತೆಗೆಯಬೇಕು, ಕಾಲು ತುಳಿಯುತ್ತಿರಬೇಕು. ಲಯ ತಪ್ಪಿದರೆ ಬೆರಳಿಗೇ ಅಪಾಯ. ಆ ಅಪಾಯವನ್ನೂ ಸಾವಕಾಶವನ್ನೂ ತಪ್ಪಿಸಲೆಂದೇ ಸ್ವಯಂಚಾಲಿತ ಉಣಿಸುವಿಕೆ ಬಂದಿತು. 1914ರಲ್ಲಿ ಲೈಪ್ಜಿಗ್‌ನ ಪ್ರದರ್ಶನದಲ್ಲಿ ಕಾಣಿಸಿಕೊಂಡ ಹೈಡೆಲ್‌ಬರ್ಗ್ ಪ್ಲಾಟನ್ ಯಂತ್ರ ಗಾಳಿಯಿಂದ ಹಾಳೆಯನ್ನು ಹೀರಿ ಎತ್ತುತ್ತದೆ. ಗಾಳಿಗಿರಣಿಯ ರೆಕ್ಕೆಗಳಂತೆ ಸುತ್ತುವ ಎರಡು ಹಿಡಿಕೆಗಳಲ್ಲಿ ಒಂದು ಹೊಸ ಹಾಳೆಯನ್ನು ಒಳಗೊಯ್ಯುವಾಗ ಇನ್ನೊಂದು ಅಚ್ಚಾದದ್ದನ್ನು ಹೊರಗಿಡುತ್ತದೆ. ಆ ಮಾದರಿಯ ತಯಾರಿಕೆ 1985ರಲ್ಲಿ ನಿಂತಿತಾದರೂ ಸಂಖ್ಯೆ ಒತ್ತಲು, ಮಡಿಕೆ ಗೆರೆ ಹಾಕಲು, ಆಕಾರ ಕತ್ತರಿಸಲು ಅವು ಇಂದಿಗೂ ದುಡಿಯುತ್ತಿವೆ. ಮುದ್ರಣದ ಮಟ್ಟಿಗೆ ಫೀಡರ್ ನಿಸ್ಸಂಶಯವಾಗಿ ವರವೇ. ಅಲ್ಲಿ ಎರಡು ಹಾಳೆ ಒಟ್ಟಿಗೆ ಹೋದರೆ ನಷ್ಟವಾಗುವುದು ಒಂದು ಖಾಲಿ ಹಾಳೆ. ಅದನ್ನು ಎಸೆದು ಇನ್ನೊಂದನ್ನು ಅಚ್ಚುಮಾಡಿದರಾಯಿತು.

ಸ್ಕ್ಯಾನಿಂಗಿನಲ್ಲಿ ಒಳಗೆ ಹೋಗುವುದು ಖಾಲಿ ಹಾಳೆಯಲ್ಲ. ವ್ಯತ್ಯಾಸವೆಲ್ಲ ಇಲ್ಲಿದೆ.

ಫೀಡರ್ ಕೆಡುವುದು ಎರಡು ಬಗೆಯಲ್ಲಿ. ಒಂದು, ಹಾಳೆ ಸಿಕ್ಕಿಕೊಳ್ಳುವುದು. ಇದು ಗದ್ದಲದ ಕೇಡು. ದೀಪ ಮಿನುಗುತ್ತದೆ, ಯಂತ್ರ ನಿಲ್ಲುತ್ತದೆ, ಯಾರೋ ಬೈಯುತ್ತಾರೆ. 1959ರಲ್ಲಿ ಬಂದ ಜೆರಾಕ್ಸ್ 914 ಯಂತ್ರದಲ್ಲಿ ಸಿಕ್ಕಿಕೊಂಡ ಕಾಗದ ಬಿಸಿಗೆ ಹೊತ್ತಿಕೊಳ್ಳುವ ಸಂಭವವಿತ್ತು. ಅದಕ್ಕಾಗಿ ಕಂಪನಿ ಒಂದು ಪುಟ್ಟ ಅಗ್ನಿಶಾಮಕವನ್ನೂ ಜತೆಗೆ ಕೊಡುತ್ತಿತ್ತು, ‘ಸ್ಕಾರ್ಚ್ ಎಲಿಮಿನೇಟರ್’ ಎಂಬ ಸೌಮ್ಯ ಹೆಸರಿನಲ್ಲಿ. (ಸರ್ಕಾರಿ ನೌಕರನಾದ ನನಗೆ ಇಂಥ ನಾಮಕರಣದ ಕೌಶಲ ಅಪರಿಚಿತವಲ್ಲ.) ಬೆಂಕಿ ಹೊತ್ತಿದರೂ ಕನಿಷ್ಠಪಕ್ಷ ತಿಳಿಯುತ್ತದೆ. ಎರಡನೆಯದು, ಎರಡು ಹಾಳೆ ಒಟ್ಟಿಗೆ ಹೋಗುವುದು. ಇದು ಸದ್ದಿಲ್ಲದ ಕೇಡು. ಯಂತ್ರ ನಿಲ್ಲುವುದಿಲ್ಲ, ಯಾರೂ ಬೈಯುವುದಿಲ್ಲ.

ಎರಡೂ ಮಗ್ಗುಲನ್ನು ಏಕಕಾಲಕ್ಕೆ ಓದುವ ಸ್ಕ್ಯಾನರನ್ನು ಊಹಿಸಿಕೊಳ್ಳಿ. ಒಂದು ಹಾಳೆಯಲ್ಲಿ 45 ಮತ್ತು 46ನೆಯ ಪುಟಗಳಿವೆ, ಮುಂದಿನದರಲ್ಲಿ 47 ಮತ್ತು 48. ಎರಡೂ ಅಂಟಿಕೊಂಡು ಹೋದಾಗ ಯಂತ್ರಕ್ಕೆ ಕಾಣುವುದು ಮೇಲಿನ 45 ಮತ್ತು ಕೆಳಗಿನ 48. ನಡುವಿನ 46, 47 ಒಂದನ್ನೊಂದು ಅಪ್ಪಿಕೊಂಡು ಕತ್ತಲಲ್ಲೇ ದಾಟಿಹೋಗುತ್ತವೆ. ದಾಖಲೆಯಲ್ಲಿ ಒಂದು ಹಾಳೆಗೆ ಎರಡು ಚಿತ್ರಗಳು ಸರಿಯಾಗಿಯೇ ಬಂದಿವೆ, ಓರೆಯಿಲ್ಲ, ಮಸುಕಿಲ್ಲ. ಕಾದಂಬರಿಯಾದರೆ ವಾಕ್ಯ ಮುರಿದು ಓದುಗನಿಗೆ ಅನುಮಾನ ಬಂದೀತು. ಪುಟಕ್ಕೊಂದು ಕವಿತೆಯಿರುವ ಸಂಕಲನದಲ್ಲಿ ಎರಡು ಕವಿತೆಗಳು ಇಲ್ಲವಾದುದು ಯಾರ ಗಮನಕ್ಕೆ ಬರಬೇಕು? ಆ ಕವಿ ತೀರಿಕೊಂಡು ಮೂವತ್ತು ವರ್ಷಗಳಾಗಿರುತ್ತವೆ.

ಇದಕ್ಕೆ ತಂತ್ರಜ್ಞರು ಮದ್ದು ಕಂಡುಹಿಡಿದಿಲ್ಲವೆಂದಲ್ಲ. ಒಳ್ಳೆಯ ಸ್ಕ್ಯಾನರುಗಳಲ್ಲಿ ಶ್ರವಣಾತೀತ ಧ್ವನಿಯ ಸಂವೇದಕವಿರುತ್ತದೆ. ಹಾಳೆಯ ಒಂದು ಬದಿಯಿಂದ ಧ್ವನಿ ಹೊರಟು ಇನ್ನೊಂದು ಬದಿಯಲ್ಲಿ ಕೇಳಿಸಿಕೊಳ್ಳುತ್ತದೆ. ಎರಡು ಹಾಳೆಗಳಿದ್ದರೆ ನಡುವಿನ ಗಾಳಿಯ ತೆಳು ಪೊರೆಯಲ್ಲಿ ಧ್ವನಿ ಬಹುವಾಗಿ ಕುಗ್ಗುತ್ತದೆ, ಯಂತ್ರ ನಿಲ್ಲುತ್ತದೆ. ಅದು ಪತ್ತೆಹಚ್ಚುವುದು ಕಾಗದದ ದಪ್ಪವನ್ನಲ್ಲ, ಗಾಳಿಯನ್ನು. ಹಾಗಾಗಿ ಗ್ರಂಥಾಲಯದ ಚೀಟಿ ಅಂಟಿಸಿದ ಪುಟ, ಭಾವಚಿತ್ರ ಅಂಟಿಸಿದ ಪುಟ, ಹರಿದದ್ದಕ್ಕೆ ತೇಪೆ ಹಾಕಿದ ಪುಟ ಬಂದಾಗಲೂ ಅದು ಸುಳ್ಳು ಎಚ್ಚರಿಕೆ ಕೊಡಬಹುದು. ತೇವಕ್ಕೆ ಅಥವಾ ಅಂಟಿಗೆ ಗಾಳಿಯೇ ಉಳಿಯದಂತೆ ಬೆಸೆದುಕೊಂಡ ಹಾಳೆಗಳು ಬಂದರೆ ಸುಮ್ಮನಿದ್ದುಬಿಡಬಹುದು. ಹಳೆಯ ಪುಸ್ತಕದಲ್ಲಿ ಇವೆಲ್ಲ ಹೆಜ್ಜೆಹೆಜ್ಜೆಗೆ ಎದುರಾಗುತ್ತವೆ. ಪುಟಕ್ಕಿಷ್ಟು ಎಂದು ಕೂಲಿ ಪಡೆಯುವ ನಿರ್ವಾಹಕ ನಿಮಿಷಕ್ಕೊಮ್ಮೆ ನಿಲ್ಲುವ ಯಂತ್ರವನ್ನು ಎಷ್ಟು ಹೊತ್ತು ಸಹಿಸಿಯಾನು? ಸಂವೇದಕವನ್ನು ಆರಿಸಲು ಒಂದು ಗುಂಡಿ ಸಾಕು. ಅವನನ್ನು ನಾನು ದೂರಲಾರೆ. ವೇಗಕ್ಕೆ ಹಣ ಕೊಟ್ಟು ಎಚ್ಚರವನ್ನು ನಿರೀಕ್ಷಿಸುವ ಕರಾರನ್ನು ಬರೆದವರು ನಾವು.

ಕೇಂದ್ರ ಸರ್ಕಾರದ ಕಡತಗಳಲ್ಲಿ ಒಂದು ಹಳೆಯ ಶಿಸ್ತಿದೆ. ಟಿಪ್ಪಣಿಯ ಭಾಗಕ್ಕೂ ಪತ್ರವ್ಯವಹಾರದ ಭಾಗಕ್ಕೂ ಪ್ರತ್ಯೇಕವಾಗಿ ಪ್ರತಿ ಪುಟದ ಬಲ ಮೇಲ್ತುದಿಯಲ್ಲಿ ಪೆನ್ಸಿಲಿನಿಂದ ಅನುಕ್ರಮ ಸಂಖ್ಯೆ ಹಾಕಬೇಕು. ನೌಕರಿಗೆ ಸೇರಿದ ಹೊಸದರಲ್ಲಿ ಇದು ಗುಮಾಸ್ತಗಿರಿಯ ಪರಾಕಾಷ್ಠೆಯೆಂದು ತೋರುತ್ತಿತ್ತು. ನಮ್ಮ ಕಚೇರಿಯ ಕಡತಗಳು ಸ್ಕ್ಯಾನ್ ಆಗಿ ಬಂದಾಗ ಕಾಣೆಯಾದ ಪುಟಗಳನ್ನು ಹಿಡಿದುಕೊಟ್ಟದ್ದು ಆ ಪೆನ್ಸಿಲಿನ ಅಂಕಿಗಳೇ. 112ರ ಬಳಿಕ 115 ಬಂದರೆ ವಾದಕ್ಕೆ ಎಡೆಯಿಲ್ಲ. ಮೂಲ ಕಡತ ಇನ್ನೂ ಕಪಾಟಿನಲ್ಲಿತ್ತು, ಮತ್ತೆ ಸ್ಕ್ಯಾನ್ ಮಾಡಿಸಿದೆವು. ಮೂಲವನ್ನು ಅದಕ್ಕೂ ಮುನ್ನವೇ ವಿಲೇವಾರಿ ಮಾಡಿದ್ದರೆ ಆ ಅಂಕಿಗಳು ನಷ್ಟದ ಲೆಕ್ಕವನ್ನಷ್ಟೇ ಹೇಳುತ್ತಿದ್ದವು.

ನಮ್ಮ ಹಳೆಯ ಪುಸ್ತಕಗಳಲ್ಲೂ ಪುಟಸಂಖ್ಯೆಯಿದೆ, ಆದರೆ ಅನೇಕ ವೇಳೆ ಕನ್ನಡ ಅಂಕಿಗಳಲ್ಲಿ. ಹೊರನಾಡಿನಲ್ಲಿ ಸ್ಕ್ಯಾನಿಂಗ್ ಗುತ್ತಿಗೆ ಹಿಡಿಯುವವರ ಬಳಿ ಕನ್ನಡ ಬಲ್ಲವರು ಸಿಗುವುದು ಅಪರೂಪ. ಸವೆದ ಅಚ್ಚುಮೊಳೆಯ ೬ಕ್ಕೂ ೯ಕ್ಕೂ ಭೇದವನ್ನು ನಮ್ಮಲ್ಲೇ ಎಷ್ಟು ಮಂದಿ ಥಟ್ಟನೆ ಹೇಳಿಯೇವು? ನಮ್ಮ ಮಕ್ಕಳನ್ನಂತೂ ಕೇಳುವುದೇ ಬೇಡ. ಜಾಹೀರಾತಿನ ಹಾಳೆಗಳಿಗೂ ಚಿತ್ರಪಟಗಳಿಗೂ ಸಂಖ್ಯೆಯೇ ಇರದ ಪುಸ್ತಕಗಳಿವೆ. ಇಂಥಲ್ಲಿ ಗುತ್ತಿಗೆದಾರ ಕೊಡುವ ‘ಒಟ್ಟು ಇಷ್ಟು ಚಿತ್ರಗಳು’ ಎಂಬ ಪ್ರಮಾಣಪತ್ರಕ್ಕೆ ಅರ್ಥವಿಲ್ಲ. ಅವನ ಯಂತ್ರ ನುಂಗಿದ್ದನ್ನು ಅದು ಎಣಿಸಿಲ್ಲ, ಕಂಡದ್ದನ್ನು ಎಣಿಸಿದೆ.

ಫೀಡರಿಗೆ ಹಾಕಬೇಕಾದರೆ ಪುಸ್ತಕದ ಬೆನ್ನನ್ನು ಮೊದಲು ಕತ್ತರಿಸಬೇಕೆಂಬುದನ್ನೂ ಮರೆಯಬಾರದು. ಹೊಲಿಗೆಯೊಡನೆ ಒಳ ಅಂಚಿನ ಕಾಲಂಗುಲವೂ ಹೋಗುತ್ತದೆ. ಕಾಗದ ಉಳಿಸಲು ಒಳ ಅಂಚನ್ನು ಇಕ್ಕಟ್ಟಾಗಿಟ್ಟ ಅಗ್ಗದ ಮುದ್ರಣಗಳಲ್ಲಿ ಅದರೊಡನೆ ಅಕ್ಷರಗಳೂ ಹೋಗುತ್ತವೆ. ಅಷ್ಟಾದರೂ ಬೆನ್ನಿನ ಅಂಟಿನ ಪಸೆ ಅಂಚಿನಲ್ಲಿ ಉಳಿದು ಹಾಳೆಗಳು ಜೋಡಿಜೋಡಿಯಾಗಿಯೇ ಹೊರಡುತ್ತವೆ.

ಮೂಲವನ್ನು ಎಸೆಯುವ ವಿಚಾರದಲ್ಲಿ ನಿಕೋಲ್ಸನ್ ಬೇಕರ್ ಎಂಬ ಅಮೆರಿಕನ್ ಕಾದಂಬರಿಕಾರ 2001ರಲ್ಲಿ ‘ಡಬಲ್ ಫೋಲ್ಡ್’ ಎಂಬ ಜಗಳಗಂಟ ಪುಸ್ತಕವೊಂದನ್ನು ಬರೆದ. ಮೈಕ್ರೊಫಿಲ್ಮ್ ಇದೆಯೆಂಬ ಧೈರ್ಯದಲ್ಲಿ ಗ್ರಂಥಾಲಯಗಳು ಪತ್ರಿಕೆಗಳ ಮೂಲ ಸಂಪುಟಗಳನ್ನು ಹರಿದು ಹಾಕಿದ ಕಥೆ ಅದರಲ್ಲಿದೆ. ಫಿಲ್ಮಿನಲ್ಲಿ ಎಷ್ಟೋ ಪುಟಗಳು ಓದಲಾಗದಂತಿದ್ದವು, ಕೆಲವು ಇರಲೇ ಇಲ್ಲ. ಪುಟದ ಮೂಲೆಯನ್ನು ಅತ್ತ ಇತ್ತ ಮಡಿಸಿ ಎಷ್ಟು ಸಲಕ್ಕೆ ಮುರಿಯುವುದೆಂದು ನೋಡಿ ಪುಸ್ತಕಕ್ಕೆ ಮರಣದಂಡನೆ ವಿಧಿಸುವ ಪರೀಕ್ಷೆಯೇ ಆ ಶೀರ್ಷಿಕೆ. ಬ್ರಿಟಿಷ್ ಲೈಬ್ರರಿ ಅಮೆರಿಕದ ಪತ್ರಿಕೆಗಳ ಸಂಪುಟಗಳನ್ನು ಮಾರಿದಾಗ ಆತ ನಿವೃತ್ತಿಗೆಂದು ಕೂಡಿಟ್ಟ ಹಣವನ್ನು ತೆಗೆದು ಅವನ್ನು ಕೊಂಡ. 2004ರಲ್ಲಿ ಅವು ಡ್ಯೂಕ್ ವಿಶ್ವವಿದ್ಯಾಲಯ ಸೇರಿದವು. ಬೇಕರ್‌ನ ದನಿ ಅಲ್ಲಲ್ಲಿ ಅತಿಯಾಯಿತೆಂದು ನನಗೂ ಅನ್ನಿಸಿದೆ. ಗ್ರಂಥಪಾಲಕರೆಲ್ಲ ಖಳರಲ್ಲ, ಜಾಗದ ಅಭಾವ ಸುಳ್ಳಲ್ಲ. ಆದರೆ ಅಮೆರಿಕದ ದೊಡ್ಡ ಪತ್ರಿಕೆಯ ಒಂದು ಪ್ರತಿ ಅಳಿದರೆ ಇನ್ನೊಂದು ಎಲ್ಲಾದರೂ ಸಿಕ್ಕೀತು. ಹೊರನಾಡಿನ ಸಂಘವೊಂದು ತನ್ನ ವಾರ್ಷಿಕೋತ್ಸವಕ್ಕೆ ಮುನ್ನೂರು ಪ್ರತಿ ಅಚ್ಚುಹಾಕಿಸಿದ ಸ್ಮರಣ ಸಂಚಿಕೆಯ ಎರಡನೆಯ ಪ್ರತಿಯನ್ನು ಎಲ್ಲಿ ಹುಡುಕೋಣ? ಬೆಂಗಳೂರಿನ, ಧಾರವಾಡದ ಗ್ರಂಥಾಲಯಗಳಿಗೆ ಅದು ತಲುಪಿರುವುದೇ ಸಂದೇಹ.

ಖರ್ಚಿನ ಮಾತು ಬರುತ್ತದೆ, ಬರಲಿ. ಪುಸ್ತಕವನ್ನು ತೊಟ್ಟಿಲಿನಂಥ ಆಸರೆಯಲ್ಲಿ ಅರೆತೆರೆದಿಟ್ಟು ಮೇಲಿನಿಂದ ಕ್ಯಾಮೆರಾದಲ್ಲಿ ಚಿತ್ರ ತೆಗೆಯುವ ಕ್ರಮಕ್ಕೆ ಹೆಚ್ಚು ಹೊತ್ತು ಬೇಕು, ಹೆಚ್ಚು ಹಣ ಬೇಕು. ಅಲ್ಲಿ ಪುಟ ತಿರುಗಿಸುವುದು ಮನುಷ್ಯನ ಬೆರಳು. ಅದೂ ಒಮ್ಮೊಮ್ಮೆ ಎರಡು ಹಾಳೆ ಮಗುಚೀತು, ಆದರೆ ಪುಸ್ತಕ ಇಡಿಯಾಗಿ ಉಳಿದಿರುವುದರಿಂದ ಮರಳಿ ನೋಡಲು ಸಾಧ್ಯ. ಎಲ್ಲಕ್ಕೂ ಅದೇ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಸಂಘದ ಸುತ್ತೋಲೆಗಳು, ರಸೀದಿಗಳು, ಬೆರಳಚ್ಚಿನ ಬಿಡಿ ವರದಿಗಳು ಧಾರಾಳವಾಗಿ ಫೀಡರಿಗೆ ಹೋಗಲಿ, ಅದು ಹುಟ್ಟಿರುವುದೇ ಅಂಥವಕ್ಕಾಗಿ. ಬೇರೆ ಗ್ರಂಥಾಲಯಗಳಲ್ಲಿ ಪ್ರತಿಯಿರುವುದು ಖಚಿತವಾದ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಅಗತ್ಯವೇ ಇಲ್ಲದಿರಬಹುದು. ಹೀಗೆ ಜರಡಿ ಹಿಡಿದರೆ ಕೈಯಿಂದಲೇ ಪುಟ ತಿರುಗಿಸಬೇಕಾದವು ಒಂದೆರಡು ಕಪಾಟಿನಷ್ಟಕ್ಕೆ ಇಳಿಯುತ್ತವೆ.

ಕರಾರಿನಲ್ಲಿ ಸಂವೇದಕ ಆರಿಸಬಾರದೆಂದು ಬರೆಯೋಣ; ನಿಂತ ಹೊತ್ತಿಗೂ ಕೂಲಿ ಕೊಡೋಣ. ಕೊನೆಯ ಕಂತನ್ನು ಪುಟಸಂಖ್ಯೆ ತಾಳೆಯಾಗುವವರೆಗೆ ತಡೆಹಿಡಿಯೋಣ. ತಾಳೆ ನೋಡುವ ಕೆಲಸ ಮಾತ್ರ ಗುತ್ತಿಗೆದಾರನದಲ್ಲ, ಕನ್ನಡ ಓದಬಲ್ಲ ನಮ್ಮದು. ಇಬ್ಬರು ಕುಳಿತು, ಒಬ್ಬರು ಪರದೆಯ ಮೇಲಿನ ಅಂಕಿಯನ್ನು ಓದಿ ಹೇಳುತ್ತ ಇನ್ನೊಬ್ಬರು ಪುಸ್ತಕದ ಹಾಳೆ ಮಗುಚುತ್ತ ಹೋದರೆ ಇನ್ನೂರು ಪುಟದ ಸಂಚಿಕೆಗೆ ಅರ್ಧ ಗಂಟೆ ಹಿಡಿಯಬಹುದು. ಮಾಸಿಕ ಸಭೆಗೆ ಒಂದು ಗಂಟೆ ಮೊದಲು ಬರಲು ಒಪ್ಪುವ ಹತ್ತು ಮಂದಿ ನಮ್ಮ ಸಂಘಗಳಲ್ಲಿ ಇಲ್ಲದಿಲ್ಲ. ಅವರ ಹೆಸರುಗಳ ಪಟ್ಟಿ ಮೊದಲು ಸಿದ್ಧವಾಗಲಿ, ಗುತ್ತಿಗೆಯ ಪ್ರಕಟಣೆ ಆಮೇಲೆ ಹೊರಡಲಿ. ಹಳೆಯ ಪುಸ್ತಕಗಳನ್ನು ಕೊಳ್ಳುವವನಿಗೆ ಫೋನ್ ಮಾಡುವ ಮಾತನ್ನು ಸದ್ಯಕ್ಕೆ ಕಾರ್ಯಸೂಚಿಯಿಂದಲೇ ತೆಗೆದುಹಾಕಬಹುದು.